ಬಸವನ ವಾರದ ಗಾಡಿ

"ನೀನೇನು ಹೇಳ್ದೆ ಅಂತ ನಾನು ಕೇಳ್ತಿಲ್ಲ ಸಣ್ಣತಿಮ್ಮಯ್ಯ. ಅವರು ಏನು ಕೇಳಿದ್ರು, ಅಷ್ಟು ಹೇಳು."

ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಸಣ್ಣತಿಮ್ಮಯ್ಯ ಲೋಟ ತೊಳೆಯುತ್ತಿದ್ದ. ತೊಳೆದ ಲೋಟವನ್ನೇ ಇನ್ನೊಮ್ಮೆ ನೀರಿಗೆ ಅದ್ದಿದ. ತಿಪಟೂರಿನ ಬಸ್ಸು ಆಗಷ್ಟೇ ಧೂಳೆಬ್ಬಿಸಿ ಹೋಗಿತ್ತು. ಬೆಂಚಿನ ಮೇಲೆ ಗಿರಿಜಾಂಬಿಕಾಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಬುಡವ್ವ ಅತ್ಲಾಗೆ. ಗೋಡೆಗೂ ಕಿವಿ ಇರೋ ಕಾಲ ಇದು."

"ನಿನ್ನ ಅಂಗಡಿಗೆ ಗೋಡೆ ಎಲ್ಲಿದೆ? ನಾಕು ತೆಂಗಿನ ಗರಿ ಕಟ್ಟಿದೀಯ."

ಅವನಿಗೆ ನಗು ಬಂತು. ಬಂದ ನಗುವನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡ.

ಗಿರಿಜಾಂಬಿಕಾ ಬಿಳಿಗೆರೆಯ ಪಂಪ್‌ಸೆಟ್ ರಿಪೇರಿ ತೋಂಟದಾರ್ಯನ ಹೆಂಡತಿ. ತುರ್ತು ಪರಿಸ್ಥಿತಿ ಬಂದ ವರ್ಷ ಕಾರ್ತಿಕದಲ್ಲಿ ಪೊಲೀಸರು ಅವನನ್ನು ಊಟದ ಎಲೆಯಿಂದ ಎಬ್ಬಿಸಿಕೊಂಡು ಹೋಗಿ ಬಳ್ಳಾರಿ ಜೈಲಿನಲ್ಲಿ ಇಟ್ಟಿದ್ದರು. ಈಗ ಶಿವರಾತ್ರಿ ಹತ್ತಿರ ಬಂದಿತ್ತು. ಯಾಕೆ ಹಿಡಿದಿರಿ ಎಂದು ಕೇಳಿದರೆ ಹೇಳಬೇಕಾಗಿಲ್ಲ ಎಂಬುದೇ ಆಗಿನ ಕಾನೂನು. ತುರುವೇಕೆರೆಯ ಒಂದು ಕೊಬ್ಬರಿ ಗೋದಾಮಿನಲ್ಲಿ ಸರ್ಕಾರದ ವಿರುದ್ಧದ ಕರಪತ್ರಗಳು ಸಿಕ್ಕಿದ್ದವು. ಮೋಟಾರು ರಿಪೇರಿಗೆಂದು ಊರೂರು ಸುತ್ತುವವನು ತನ್ನ ಸಾಮಾನಿನ ಚೀಲದಲ್ಲಿ ಅದನ್ನೂ ಹಾಕಿಕೊಂಡು ಹೋಗಿರಬೇಕು ಎಂದು ಊರು ತನಗೆ ತಾನೇ ತೀರ್ಮಾನ ಮಾಡಿಕೊಂಡಿತ್ತು.

ನಾಲ್ಕು ತಿಂಗಳಿಗೊಮ್ಮೆ ಇಂಥವರ ಕಡತ ಮತ್ತೆ ಬೆಂಗಳೂರಿಗೆ ಹೋಗುತ್ತದೆ. ಈ ವಾರ ತೋಂಟದಾರ್ಯನ ಸರದಿ. ಗುಪ್ತವಾರ್ತೆಯ ಸಬ್ ಇನ್‌ಸ್ಪೆಕ್ಟರ್ ಬಸವರಾಜಪ್ಪ ಅದರ ಮೇಲೆ ‘ಮಾಹಿತಿ ಖಚಿತ’ ಎಂದು ಬರೆದರೆ ಗಂಡ ಒಳಗೇ ಉಳಿಯುತ್ತಾನೆ. ಬರೆಯದಿದ್ದರೆ ಮನೆಗೆ ಬರುತ್ತಾನೆ.

ಆ ಮಾಹಿತಿ ಏನೆಂದು ಅವಳಿಗೆ ಯಾರೂ ತೋರಿಸುವವರಲ್ಲ. ಆದರೆ ಒಂದು ದಿನ ರಾಗಿಹಿಟ್ಟಿಗೆ ಎಸರಿಟ್ಟು ಕೂತಿದ್ದಾಗ ಅವಳಿಗೆ ಒಂದು ದಾರಿ ಹೊಳೆದಿತ್ತು. ಪೊಲೀಸರು ತಮಗೆ ಗೊತ್ತಿರುವುದನ್ನು ಯಾರಿಗೂ ಹೇಳುವುದಿಲ್ಲ, ಸರಿ. ಆದರೆ ಪ್ರಶ್ನೆ ಕೇಳಲೇಬೇಕಲ್ಲ. ಹೊಟ್ಟೆಯಲ್ಲಿ ಇರುವುದೇ ಪ್ರಶ್ನೆಯಾಗಿ ಬಾಯಿಗೆ ಬರುತ್ತದೆ. ಅವರು ಯಾರನ್ನು ವಿಚಾರಿಸಿದರೋ ಅವರನ್ನು ಹುಡುಕಿ, ಏನು ವಿಚಾರಿಸಿದರು ಎಂದು ಕೇಳಿದರೆ ಅವರ ಹೊಟ್ಟೆಯಲ್ಲಿ ಇರುವುದು ತಿಳಿಯುತ್ತದೆ.

ಹುಡುಕುವುದೇನೂ ಕಷ್ಟವಾಗಲಿಲ್ಲ. ಪೊಲೀಸರು ಬಂದು ಹೋದ ಸಂಗತಿಯನ್ನು ಮನೆಯವರು ಎಷ್ಟೇ ಮುಚ್ಚಿದರೂ ಬಾವಿಕಟ್ಟೆಯಲ್ಲಿ ಬಿಚ್ಚದೆ ಇರುವುದಿಲ್ಲ. ಮುತ್ತುಗದ ಎಲೆ ಮಾರುವ ಓಬಮ್ಮನನ್ನು ಅವಳು ಮಾತಾಡಿಸಿ ಬಂದಿದ್ದಳು. ತುರುವೇಕೆರೆಯ ತೋಟಗಳಲ್ಲಿ ಕಾಯಿ ಕೀಳುವ ಬೀರಲಿಂಗಯ್ಯನನ್ನೂ ಕಂಡು ಬಂದಿದ್ದಳು. ಈ ಸಣ್ಣತಿಮ್ಮಯ್ಯ ಮೂರನೆಯವನು.

"ಇಬ್ಬರು ಬಂದಿದ್ರು," ಎಂದ ಅವನು ಕೊನೆಗೆ. "ಮಫ್ತೀಲಿ. ಆದ್ರೂ ಪೊಲೀಸ್ನೋರು ಅಂತ ಗೊತ್ತಾಯ್ತು."

"ಹೆಂಗೆ?"

"ಟೀ ಕುಡಿದು ಎದ್ದಾಗ ಜೇಬಿನ ಕಡೆ ಕೈ ಹೋಗ್ಲಿಲ್ಲ."

"ಏನು ಕೇಳಿದ್ರು?"

"ಅವರು ಕೇಳ್ಲಿಲ್ಲ ಕಣವ್ವ, ಅವರೇ ಯೋಳಿದ್ರು. ತುರುವೇಕೆರೇಲಿ ಕಾಗದ ಸಿಕ್ಕಿದ್ವಲ್ಲ, ಆ ವಾರದ ಸೋಮವಾರ ತೋಂಟದಾರ್ಯ ಎತ್ತಿನ ಗಾಡೀಲಿ ಕೊಬ್ಬರಿ ಚೀಲ ಹೇರ್ಕಂಡು ಈ ಕ್ರಾಸಿನ ಮ್ಯಾಲೆ ತುರುವೇಕೆರೆ ಕಡೆ ಹೋದ, ನೀನು ನೋಡಿದೀಯ, ಅಂದ್ರು. ಅಂಗೇ ನಿನ್ನ ಅಂಗಡಿ ರಸ್ತೆ ಜಾಗದಾಗೆ ಐತೆ ಅಂತಾನೂ ಅಂದ್ರು. ಎಲ್ಡೂ ಒಂದೇ ಉಸ್ರಿಗೆ. ನಾನು ತಲೆ ಅಲ್ಲಾಡಿಸ್ದೆ."

"ನೋಡಿದ್ಯಾ?"

"ಯಾವ ಗಾಡೀನೂ ನೋಡ್ಲಿಲ್ಲ, ನಿನ್ನಾಣೆ."

"ಸೋಮವಾರ ಅಂದ್ರು."

"ಸೋಮವಾರ ಅಂದ್ರು."

ಗಿರಿಜಾಂಬಿಕಾ, ಹೇಳಿಕೊಡುವುದಕ್ಕಿಂತ ಅವನಿಗೇ ಹೊಳೆಯಲಿ ಎಂದು ಟೀ ಗುಟುಕರಿಸುತ್ತಾ ಕೂತಳು.

ಸಣ್ಣತಿಮ್ಮಯ್ಯನ ಕೈ ನೀರಿನಲ್ಲೇ ನಿಂತುಹೋಯಿತು. "ಶಿವನೇ," ಎಂದ. "ಸೋಮವಾರ ಯಾರವ್ವ ಗಾಡಿ ಹೂಡ್ತಾರೆ?"

ಯಾರೂ ಹೂಡುವುದಿಲ್ಲ. ಈ ಸೀಮೆಯಲ್ಲಿ ಸೋಮವಾರ ಬಸವನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ತಾಗಿಸುವಂತಿಲ್ಲ. ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಹುಲ್ಲು ಹಾಕಿ ಬಿಟ್ಟುಬಿಡುವುದು. ಮಳೆ ಬಂದು ಹದ ಕೆಡುತ್ತಿದ್ದರೂ ಉಳುಮೆ ಮಾರನೇ ದಿನಕ್ಕೆ ಕಾಯಬೇಕು, ಹೆಣ್ಣಿಗೆ ಹೆರಿಗೆ ನೋವು ಬಂದರೂ ಗಾಡಿ ಬಿಟ್ಟು ಮಂಚ ಹೊರಬೇಕು. ಲಿಂಗವಂತರಿರಲಿ, ಕುರುಬರಿರಲಿ, ಯಾರೂ ಈ ಮಾತು ಮೀರಿದವರಲ್ಲ. ಸೋಮವಾರ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಎತ್ತಿನ ಗಾಡಿಯೊಂದು ಹೋಗಿದ್ದರೆ ತೋಂಟದಾರ್ಯನ ಹೆಸರು ಪೊಲೀಸರಿಗಿಂತ ಮುಂಚೆ ಊರಿನ ಪಂಚಾಯ್ತಿಗೆ ಹೋಗುತ್ತಿತ್ತು.

ಓಬಮ್ಮನ ಬಾಯಲ್ಲಿ ಸೋಮವಾರ ಎಂದು ಕೇಳಿದಾಗ ಮುದುಕಿಗೆ ಮರೆವು ಎಂದುಕೊಂಡಿದ್ದಳು. ಬೀರಲಿಂಗಯ್ಯನೂ ಅದನ್ನೇ ಅಂದಾಗ ಮನಸ್ಸು ಮುಳ್ಳು ತುಳಿದ ಹಾಗೆ ನಿಂತಿತ್ತು. ಈಗ ಮೂರನೆಯ ಬಾಯಿ. ಮೂರು ಊರಿನ ಮೂರು ಜನ ಒಂದೇ ಸುಳ್ಳನ್ನು ಒಂದೇ ಥರ ಹೇಳಿದ್ದರು. ಅಂದರೆ ಅದು ಮೂವರದ್ದಲ್ಲ, ಯಾರೋ ಒಬ್ಬರದು. ಪೊಲೀಸರೇ ಅದನ್ನು ಹೊತ್ತುಕೊಂಡು ಹೋಗಿ ಮೂರು ಮನೆಗೆ ಹಂಚಿ, ಮೂರು ಮನೆಯಿಂದ ವಾಪಸು ಈಸಿಕೊಂಡು ಬಂದಿದ್ದರು.

"ಇದನ್ನ ತುಮಕೂರಿಗೆ ಬಂದು ದೊಡ್ಡ ಸಾಹೇಬರ ಮುಂದೆ ಹೇಳ್ತೀಯಾ?" ಎಂದು ಕೇಳಿದಳು.

ಸಣ್ಣತಿಮ್ಮಯ್ಯ ಗರಿಯ ಅಂಗಡಿಯನ್ನು ಒಮ್ಮೆ ಕಣ್ತುಂಬ ನೋಡಿದ.

"ಈ ಗರಿ ಹೋದ್ರೆ ಬ್ಯಾರೆ ಗರಿ ಕಟ್ಕಂಡೇನು. ಮರಕ್ಕೇನು ಬರವಾ. ಬತ್ತೀನಿ ನಡಿ."

ಅವಳು ಬಿಳಿಗೆರೆಗೆ ನಡೆದೇ ಬಂದಳು. ತೋಟದ ನೆರಳಿನಲ್ಲಿ ಕಾಲುಗಳು ತಾವೇ ಹಾದಿ ಹಿಡಿದವು. ಬಹಳ ದಿನದ ಮೇಲೆ ಅವಳ ಮನಸ್ಸು ಹಗುರವಾಗಿತ್ತು. ಮನೆಗೆ ಹೋಗಿ ಅತ್ತೆಗೆ ಹೇಳಬೇಕು. ಗಾಡಿಯ ಮಾತನ್ನು ಅವಳು ಇದುವರೆಗೆ ಮನೆಯಲ್ಲಿ ಎತ್ತಿರಲಿಲ್ಲ. ಮಗನ ಚಿಂತೆಯಲ್ಲೇ ಅರ್ಧವಾಗಿರುವ ಜೀವಕ್ಕೆ ಅರ್ಧಂಬರ್ಧ ಸುದ್ದಿ ಹೇಳಿ ಇನ್ನಷ್ಟು ನೋಯಿಸುವುದೇಕೆ ಎಂದು ಸುಮ್ಮನಿದ್ದಳು.

ಮನೆಯ ಮುಂದೆ ಜೀಪು ನಿಂತಿತ್ತು.

ಜಗಲಿಯ ಮೇಲೆ ಬಸವರಾಜಪ್ಪ ಕೂತಿದ್ದ. ಐವತ್ತರ ಅಂಚಿನ ಮನುಷ್ಯ, ತುರುವೇಕೆರೆ ಕಡೆಯವನು. ಹಣೆಯ ಮೇಲೆ ವಿಭೂತಿ, ಬಿಳಿ ಅಂಗಿ. ನೋಡಿದವರು ಪೊಲೀಸ್ ಎನ್ನುವ ಹಾಗಿರಲಿಲ್ಲ, ಹೆಣ್ಣು ನೋಡಲು ಬಂದ ಬೀಗರ ಕಡೆಯ ಹಿರಿಯ ಎನ್ನಬೇಕು.

ಒಳಗೆ ನಡುಮನೆಯಲ್ಲಿ ಅತ್ತೆ ಗುರುಸಿದ್ದಮ್ಮ ಕಾಯಿ ಒಡೆಯುತ್ತಿದ್ದರು. ಅಟ್ಟದ ಮೇಲೆ ವರ್ಷವೊಪ್ಪತ್ತು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದ ತಿರುಳಿನ ಗಿಟುಕು ಸದ್ದು ಮಾಡಿದರೆ ಚಿಪ್ಪಿಗೆ ಮಚ್ಚಿನ ಹಿಂಬದಿಯಿಂದ ಸುತ್ತಲೂ ತಟ್ಟುವರು. ಟಕ್, ಟಕ್, ಟಕ್. ಚಿಪ್ಪು ಸಿಡಿದು ಇಡೀ ಕೊಬ್ಬರಿ ಕೈಗೆ ಬರುವುದು. ಗಂಡ ಸತ್ತಾಗ ಮಗನಿಗೆ ಇನ್ನೂ ಹಲ್ಲು ಬಿದ್ದಿರಲಿಲ್ಲ. ಅಂದಿನಿಂದ ತೋಟ, ಎತ್ತು, ಕೊಬ್ಬರಿ ಎಲ್ಲವನ್ನೂ ಈ ಕೈಯೇ ನಡೆಸಿತ್ತು.

"ಬನ್ನಿ ಅಮ್ಮ, ನಿಮಗೇ ಕಾಯ್ತಾ ಇದ್ದೆ," ಎಂದ ಬಸವರಾಜಪ್ಪ.

"ನಮ್ಮ ಮನೆಗೆ ನನ್ನನ್ನೇ ಬನ್ನಿ ಅಂತೀರಲ್ಲ ಸಾಹೇಬ್ರೆ."

"ಓಬಮ್ಮ ಆಯ್ತು. ಬೀರಲಿಂಗಯ್ಯ ಆಯ್ತು. ಇವತ್ತು ಕ್ರಾಸಿನ ಟೀ ಅಂಗಡಿ. ಇದನ್ನ ಇಲ್ಲಿಗೆ ಬಿಟ್ಟುಬಿಡಿ. ಸಾಕ್ಷಿಗಳನ್ನ ತಿರುಗಿಸೋದು ಅಪರಾಧ."

"ಕೇಸೇ ಇಲ್ಲ, ಸಾಕ್ಷಿ ಎಲ್ಲಿಂದ ಬಂದ್ರು? ಕೇಸು ಹಾಕಿ ಅಂತಾನೇ ನಾನೂ ಬೇಡ್ಕೊಳ್ತಿರೋದು. ಕೋರ್ಟಿನಲ್ಲಿ ನಿಲ್ಲಿಸಿ. ಏನು ಮಾಡಿದಾರೆ ಅಂತ ಎಲ್ಲರ ಮುಂದೆ ಕೂಗಿ ಹೇಳಿ."

"ನಿಮಗೆ ನಮ್ಮ ಕೆಲಸ ಗೊತ್ತಿಲ್ಲ."

"ಗೊತ್ತಿಲ್ಲ. ಹೇಳ್ಕೊಡಿ."

ಅವನು ಇಂಥ ಉತ್ತರ ಎಣಿಸಿರಲಿಲ್ಲ. ಬಾಗಿಲ ಕಡೆ ನೋಡಿದ, ಅಂಗಳದ ಕಡೆ ನೋಡಿದ, ಆಮೇಲೆ ಮೇಷ್ಟರ ಹಾಗೆ ಶುರು ಮಾಡಿದ.

"ಒಬ್ಬ ಬಂದು ಒಂದು ಮಾತು ಹೇಳ್ತಾನೆ. ಅದು ಬರೀ ಸುದ್ದಿ. ಅವನಿಗೆ ಸಂಬಂಧ ಇಲ್ಲದ ಇನ್ನೊಬ್ಬ ಬೇರೆ ಕಡೆಯಿಂದ ಅದನ್ನೇ ಹೇಳಿದ್ರೆ ಆಗ ಅದು ಮಾಹಿತಿ. ಮೂರನೆಯವನೂ ಹೇಳಿದ್ರೆ ಖಚಿತ. ಹೇಳಿದವನು ಎಂಥವನು ಅಂತ ಒಂದು ತೂಕ ಹಾಕ್ತೀವಿ, ಹೇಳಿದ ಮಾತು ಎಂಥದು ಅಂತ ಬೇರೆ ತೂಕ. ಯಾಕಂದ್ರೆ ಸುಳ್ಳುಗಾರನೂ ಒಂದೊಂದು ಸಲ ನಿಜ ಹೇಳ್ತಾನೆ, ಸತ್ಯವಂತನಿಗೂ ಕಣ್ಣು ಮಂಜಾಗಿರಬಹುದು. ಬಸ್ಸಿನಲ್ಲಿ ಆಡಿದ ಮಾತು, ಸಂತೇಲಿ ಕೇಳಿದ್ದು, ಅಂಚೆ ಮೊಹರು, ಎಲ್ಲಾ ಒಂದೊಂದು ಚೂರು. ಚೂರು ಜೋಡಿಸಿದ್ರೆ ಮಡಕೆ. ಸುಮ್ ಸುಮ್ನೆ ಯಾರನ್ನೂ ಹಿಡ್ಕೊಂಡು ಹೋಗಲ್ಲ."

"ನಮ್ಮ ಯಜಮಾನ್ರ ಮೇಲೆ ಮೂರು ಬಾಯಿ."

"ಮೂರು ಬಾಯಿ. ಮೂರು ದಿಕ್ಕಿನವು. ಒಬ್ಬರಿಗೊಬ್ಬರು ಮುಖ ನೋಡಿದವರಲ್ಲ."

"ಸಾಹೇಬ್ರೆ, ನಾನು ಮನೇಲಿ ಕೂತಿರೋ ಹೆಂಗಸು. ನನಗೆ ಗೊತ್ತಿರೋದು ಹಾಲು ಮೊಸರು," ಎಂದಳು ಗಿರಿಜಾಂಬಿಕಾ. "ಮೂರು ಮನೆ ಮೊಸರು ಒಂದೇ ಥರ ಹುಳಿ, ಒಂದೇ ಥರ ಲೋಳೆ ಇದ್ರೆ ನಾವು ಮೂರು ಹಸು ನೋಡೋಕೆ ಹೋಗಲ್ಲ. ಹೆಪ್ಪು ಯಾರ ಮನೇದು ಅಂತ ಕೇಳ್ತೀವಿ."

ಬಸವರಾಜಪ್ಪ ನೆಟ್ಟಗೆ ಕೂತ.

"ಏನು ಹಾಗಂದ್ರೆ?"

"ಸೋಮವಾರ ಗಾಡಿ ಹೂಡಿದ್ರು ಅಂತ ಬರ್ಕೊಂಡಿದೀರಲ್ಲ, ಆ ಹೆಪ್ಪು."

ಒಳಗೆ ಟಕ್ ಟಕ್ ನಿಂತಿತು.

ಗಾಡಿ ಎಂಬ ಮಾತು ಅತ್ತೆಯ ಕಿವಿಗೆ ಬಿತ್ತಲ್ಲ, ಮೆಲ್ಲಗೆ ಹೇಳಬೇಕೆಂದಿದ್ದೆ ಎಂದು ಗಿರಿಜಾಂಬಿಕಾಳಿಗೆ ಕಸಿವಿಸಿಯಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೊತ್ತು ಅದಾಗಿರಲಿಲ್ಲ.

"ನೀವು ಹೊರಗಿನವರಾಗಿದ್ರೆ ನಾನು ಏನೂ ಅಂತಿರಲಿಲ್ಲ," ಎಂದಳು. "ತುರುವೇಕೆರೆ ನೀರು ಕುಡಿದವರು. ನಿಮ್ಮ ತಂದೆ ಬೇಸಾಯ ಮಾಡ್ತಿದ್ದವರು ಅಂತ ಕೇಳಿದೀನಿ. ಸೋಮವಾರ ಎತ್ತಿನ ಮೇಲೆ ನೊಗ ಇಟ್ಟಿದ್ದನ್ನ ನಿಮ್ಮ ಜನ್ಮದಲ್ಲಿ ಎಲ್ಲಾದ್ರೂ ನೋಡಿದೀರಾ?"

ಬಸವರಾಜಪ್ಪ ಜೀಪಿನ ಕಡೆ ನೋಡಿದ.

"ನೋಡಿದೀರಾ ಇಲ್ವಾ?"

"ನೋಡಿಲ್ಲ."

"ಆದ್ರೂ ಬರೆದ್ರಿ."

"ಒಂದು ಲೋಟ ನೀರು ಕೊಡಿ," ಎಂದ ಬಸವರಾಜಪ್ಪ.

ಮನೆಗೆ ಬಂದವರಿಗೆ ನೀರು ಕೊಡದಷ್ಟು ಸಿಟ್ಟು ಗಿರಿಜಾಂಬಿಕಾಳಿಗೆ ಯಾವತ್ತೂ ಬಂದಿದ್ದಿಲ್ಲ. ಒಳಗೆ ಹೋಗಿ ನೀರನ್ನೂ ಬೆಲ್ಲದ ಚೂರನ್ನೂ ತಂದಳು. ಹೋಗುವಾಗ ಅತ್ತೆ ತಲೆ ಬಗ್ಗಿಸಿ ಕೂತಿದ್ದರು, ತೊಡೆಯ ಮೇಲೆ ಅರ್ಧ ಬಿಡಿಸಿದ ಕಾಯಿ. ಬರುವಾಗಲೂ ಹಾಗೇ ಇದ್ದರು. ಮತ್ತೆ ಮೆಲ್ಲಗೆ ಒಂದೊಂದೇ ಟಕ್ ಕೇಳತೊಡಗಿತು.

ಅವನು ಬೆಲ್ಲ ಮುಟ್ಟಲಿಲ್ಲ. ನೀರನ್ನು ಒಂದೇ ಗುಟುಕಿಗೆ ಕುಡಿದು, ದನಿ ತಗ್ಗಿಸಿದ.

"ಮೆಲ್ಲಗೆ ಮಾತಾಡೋಣ. ಜೀಪಿನಲ್ಲಿರೋ ಡ್ರೈವರ್ ನನ್ನವನಲ್ಲ, ಬೆಂಗಳೂರಿಂದ ಕೊಟ್ಟಿರೋದು. ನಾನು ಊರಿನ ಮೇಲೆ ವರದಿ ಬರೀತೀನಿ, ಅವನು ನನ್ನ ಮೇಲೆ ಬರೀತಾನೆ."

"ಅವನ ಮೇಲೆ?"

"ಯಾರೋ ಇರಬೇಕು."

ಆ ಮಾತಿಗೆ ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ.

"ಬರೆಯೋವಾಗ ಪಕ್ಕದಲ್ಲಿ ದೊಡ್ಡ ಸಾಹೇಬರು ಕೂತಿದ್ರು," ಎಂದ ಅವನು. "ಅವರು ಪಟ್ಟಣದಲ್ಲಿ ಹುಟ್ಟಿ ಬೆಳೆದವರು. ಅವರಿಗೆ ಸೋಮವಾರ ಅಂದ್ರೆ ಭಾನುವಾರದ ಮಾರನೇ ದಿನ, ಅಷ್ಟೆ. ಠಾಣೇಲಿ ಕೊಟ್ಟ ಹೇಳಿಕೆಗೆ ಬೆಲೆ ಇಲ್ಲ, ಹೊರಗಿಂದ ಮೂರು ಬಾಯಿ ತನ್ನಿ ಅಂದ್ರು. ಅವರ ಹುಡುಗರು ಹೋಗಿ ಮೂರು ಬಾಯಿ ತಂದ್ರು. ತಂದ ರೀತಿ ನಿಮಗೆ ಗೊತ್ತಾಗಿದೆ."

"ಅವತ್ತೇ ಹೇಳಬಹುದಾಗಿತ್ತು. ಸ್ವಾಮಿ, ನಮ್ಮ ಕಡೆ ಸೋಮವಾರ ಗಾಡಿ ಹೂಡಲ್ಲ ಅಂತ. ಒಂದು ಮಾತು."

"ಹೇಳಬಹುದಾಗಿತ್ತು. ಹೇಳಿದ್ರೆ, ಹಾಗಾದ್ರೆ ಯಾವ ದಿನ ಹೇಳು ಅಂತ ಅವನ ಮೈಮೇಲೆ ಬೀಳೋರು."

"ಯಾರ ಮೈಮೇಲೆ?"

"ಮೊದಲು ಸೋಮವಾರ ಅಂದವನ ಮೈಮೇಲೆ."

ಇದಕ್ಕಾಗಿಯೇ ಅವಳು ಊರೂರು ಅಲೆದದ್ದು. ತನ್ನ ಸಂಸಾರಕ್ಕೆ ಹುಳಿ ಹಿಂಡಿದ ಆ ಮೊದಲ ಬಾಯಿ ಯಾರದು ಎಂದು ರಾತ್ರಿಯೆಲ್ಲ ಒಬ್ಬೊಬ್ಬರ ಮುಖವನ್ನೂ ನೆನೆಸಿಕೊಂಡು ಅಳೆದಿದ್ದಳು. ತೋಟದ ಬದುವಿಗೆ ಜಗಳವಾಡಿದ ದಾಯಾದಿ, ಮೋಟಾರು ಸರಿಹೋಗಲಿಲ್ಲವೆಂದು ಬೈದುಹೋದ ಸಾಹುಕಾರ, ಯಾರನ್ನೂ ಬಿಟ್ಟಿರಲಿಲ್ಲ.

"ಯಾರು ಅವನು?"

"ನಿಮ್ಮ ಯಜಮಾನ್ರು."

ಗಿರಿಜಾಂಬಿಕಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಹಿಡ್ಕೊಂಡು ಬಂದ ದಿನ ಠಾಣೇಲಿ ಯಾರೂ ಇನ್ನೂ ಕೈ ಮಾಡಿರಲಿಲ್ಲ. ಗೋದಾಮಿನಲ್ಲಿ ಸಿಕ್ಕ ಕಾಗದ ಕೊಬ್ಬರಿ ಚೀಲದಲ್ಲಿ ಬಂದದ್ದು, ಬಿಳಿಗೆರೆ ಕಡೆಯಿಂದ ಗಾಡೀಲಿ ಬಂದದ್ದು, ಇಷ್ಟೇ ನಮಗೆ ಗೊತ್ತಿದ್ದದ್ದು. ಯಾವ ದಿನ, ಯಾರ ಗಾಡಿ, ಏನೂ ಗೊತ್ತಿರಲಿಲ್ಲ. ದೊಡ್ಡ ಸಾಹೇಬರು ಬಾಯಿ ತೆಗೆಯೋಕೆ ಮುಂಚೆ ಇವರೇ ಹೇಳಿಬಿಟ್ರು. ಗಾಡಿ ನಮ್ಮದೇ, ಹೊಡ್ಕೊಂಡು ಹೋದವನು ನಾನೇ, ಸೋಮವಾರ ಅಂತ. ನಾನು ಅವರ ಮುಖ ನೋಡಿದೆ. ಅವರು ನನ್ನ ಹಣೆ ವಿಭೂತಿ ನೋಡಿದ್ರು. ಇಬ್ಬರೂ ಸುಮ್ಮನಾದ್ವಿ."

ಗಾಡಿ ಹೋಯಿತೆನ್ನುವ ಆ ವಾರ ಗಿರಿಜಾಂಬಿಕಾ ಚಿಕ್ಕನಾಯಕನಹಳ್ಳಿಯ ತವರಿನಲ್ಲಿದ್ದಳು, ತಾಯಿಗೆ ಹುಷಾರಿರಲಿಲ್ಲ. ಮನೆಯಲ್ಲಿ ಏನು ನಡೆಯಿತೋ ಅವಳಿಗೆ ತಿಳಿಯದು. ಆದರೆ ಗಂಡ ಅವಳಿಗೆ ತಿಳಿಯದವನಲ್ಲ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ. ಪಂಪಿನ ವಾಷರ್ ಹಳೆಯದು ಹಾಕಿದರೆ ಹಳೆಯದು ಎಂದೇ ಹೇಳಿ ಗಿರಾಕಿ ಕಳೆದುಕೊಂಡವನು. ಅಂಥವನು ಇಷ್ಟು ದೊಡ್ಡ ಸುಳ್ಳನ್ನು ಅವಸರಕ್ಕೆ ಹೇಳಿರಲಾರ. ಯೋಚಿಸಿ ಹೇಳಿದ್ದಾನೆ.

ಅವಳು ನಿಂತಲ್ಲೇ ಅದನ್ನು ಬಿಡಿಸತೊಡಗಿದಳು.

"ಊರಿನವರು ಯಾರು ಕೇಳಿದ್ರೂ ಇದು ಸುಳ್ಳು ಅಂತ ಆ ಕ್ಷಣಕ್ಕೇ ಗೊತ್ತಾಗ್ಲಿ, ಅದಕ್ಕೇ ಸೋಮವಾರ ಅಂದ್ರು. ನೀವು ಯಾರಾದ್ರೂ ಮಾತು ಎತ್ತಿದ್ರೆ ಅವತ್ತೇ ಬಿಡುಗಡೆ ಆಗೋದು. ನೀವು ಎತ್ತಲಿಲ್ಲ."

"ಎತ್ತಲಿಲ್ಲ," ಎಂದ ಬಸವರಾಜಪ್ಪ.

"ಅಷ್ಟೇ ಆಗಿದ್ರೆ ನನಗೆ ಹೊಟ್ಟೆ ಉರೀತಿರಲಿಲ್ಲ." ಅವಳ ದನಿ ಇಳಿಯಿತು. "ಗಾಡಿ ಹೋಗಿಲ್ಲ ಅಂತ ಅನ್ನಬಹುದಾಗಿತ್ತಲ್ಲ? ಅನ್ನಲಿಲ್ಲ. ಹೋಗಿದ್ದು ನಿಜ ಇರಬೇಕು. ಸೋಮವಾರ ಅಂದುಬಿಟ್ರೆ ವಾರದ ಮಿಕ್ಕ ಆರು ದಿನದ ಮೇಲೆ ಯಾರೂ ಕಣ್ಣು ಹಾಕಲ್ಲ. ಅವರು ಚೀಲ ಮುಚ್ಚಿಡ್ತಿಲ್ಲ ಸಾಹೇಬ್ರೆ. ದಿನ ಮುಚ್ಚಿಡ್ತಿದಾರೆ. ಆ ದಿನ ಗಾಡಿ ಮೇಲೆ ಕೂತಿದ್ದವರನ್ನ ಮುಚ್ಚಿಡ್ತಿದಾರೆ."

"ಅದಕ್ಕೇ ನಿಮ್ಮನ್ನ ನಿಲ್ಲಿಸೋಕೆ ಬಂದದ್ದು," ಎಂದ ಅವನು. "ನೀವು ಹೋಗಿ ಈ ಸೋಮವಾರವನ್ನ ಮುರೀರಿ, ಬೇಡ ಅನ್ನಲ್ಲ. ಆದ್ರೆ ಬೆಂಗಳೂರಿನ ಕಚೇರೀಲಿ ಒಬ್ಬ ಬುದ್ಧಿವಂತ ಇದ್ದೇ ಇರ್ತಾನೆ. ನೀವು ಈಗ ಇಲ್ಲಿ ನಿಂತು ಕೇಳಿದ್ದನ್ನೇ ಅವನು ಅಲ್ಲಿ ಕೂತು ಕೇಳ್ತಾನೆ. ಯಾವ ದಿನ, ಯಾರು ಅಂತ. ಮತ್ತೆ ಮೊದಲಿಂದ ಶುರು ಮಾಡ್ತಾರೆ. ಈ ಸಲ ನನ್ನನ್ನ ಕಳಿಸಲ್ಲ."

"ಹಾಗಾದ್ರೆ ಏನು ಬರೀತೀರ ಕಡತದ ಮೇಲೆ?"

"ಖಚಿತ ಅಂತ."

"ಸುಳ್ಳು ಅಂತ ಗೊತ್ತಿದ್ದೂ?"

"ಯಾರೋ ಬದುಕ್ಕೊಳ್ಳಲಿ ಅಂತ ನಿಮ್ಮ ಯಜಮಾನ್ರು ಒಳಗಿದಾರೆ. ಅವರ ಇಷ್ಟದಂಗೆ ನಡೀಲಿ."

ಗಿರಿಜಾಂಬಿಕಾ ಚೌಕಟ್ಟು ಬಿಟ್ಟು ಮುಂದೆ ಬಂದಳು.

"ಅವರ ಇಷ್ಟ ಅವರದು. ನನ್ನ ಇಷ್ಟ ಯಾರಾದ್ರೂ ಕೇಳಿದೀರಾ? ನನ್ನ ಚಿಕ್ಕ ಮಗಳು ಅಪ್ಪನ ಮುಖ ಮರೀತಿದಾಳೆ, ಗೋಡೆ ಮೇಲಿನ ಫೋಟೋ ತೋರಿಸಿ ಜ್ಞಾಪಿಸ್ತೀನಿ. ಸುಳ್ಳಿನ ಮೇಲೆ ಒಂದು ಮನೆ ನಿಲ್ಲಿಸಿ, ಅದಕ್ಕೆ ಕರುಣೆ ಅಂತ ಹೆಸರಿಡಬೇಡಿ. ನಿಮಗೆ ಭಯ. ಡ್ರೈವರ್ ಭಯ, ಸಾಹೇಬರ ಭಯ. ಸಣ್ಣತಿಮ್ಮಯ್ಯನಿಗೆ ಇರೋದು ನಾಕು ಗರಿ. ಅವನು ಬತ್ತೀನಿ ಅಂದ. ನಿಮಗೆ ಸರ್ಕಾರದ ಸಂಬಳ, ಪಿಂಚಣಿ, ಎಲ್ಲಾ ಇದೆ. ನೀವು ಬರಲ್ಲ ಅಂತೀರ. ಗುರುವಾರ ಮೂವರನ್ನೂ ಕರ್ಕೊಂಡು ತುಮಕೂರಿಗೆ ಹೋಗ್ತೀನಿ. ನಿಮ್ಮ ಮೇಲಿನವರ ಬಾಗಿಲಲ್ಲಿ ಕೂತು ಹೇಳ್ತೀನಿ. ನನ್ನನ್ನೂ ಹಿಡ್ಕೊಂಡು ಹೋಗೋದಾದ್ರೆ ಹೋಗ್ಲಿ."

"ಯಾರನ್ನ ಹಿಡ್ಕೊಡ್ತಿದೀರಿ ಅಂತ ಗೊತ್ತಿಲ್ದೆ ಹೋಗ್ತೀರಾ?"

ಒಳಗೆ ಟಕ್ ಟಕ್ ಮತ್ತೆ ನಿಂತಿತು.

"ಮಂಗಳವಾರ ಕಣಪ್ಪ."

ಇಬ್ಬರೂ ತಿರುಗಿದರು. ಗುರುಸಿದ್ದಮ್ಮ ಹೊಸ್ತಿಲ ಮೇಲೆ ನಿಂತಿದ್ದರು. ಸೀರೆಯ ಮಡಿಲಿನಿಂದ ಚಿಪ್ಪಿನ ಚೂರುಗಳನ್ನು ನಿಧಾನವಾಗಿ ಕೊಡವಿಕೊಳ್ಳುತ್ತಿದ್ದರು.

"ಸೋಮವಾರ ಎತ್ತುಗಳ ಮೈ ತೊಳೆದೆ. ಮಂಗಳವಾರ ಕೋಳಿ ಕೂಗೋಕೆ ಮುಂಚೆ ಹೂಡ್ದೆ. ಮೇಲೆ ಕೊಬ್ಬರಿ, ಕೆಳಗೆ ಕಾಗದ. ಹೊಡ್ಕಂಡು ಹೋದೋಳು ನಾನು."

"ಅತ್ತೆ," ಎಂದಳು ಗಿರಿಜಾಂಬಿಕಾ.

"ನನ್ನ ಮಗನ್ನ ಹಿಡಿದಿದ್ದು ಊರೂರು ಸುತ್ತೋನು ಅಂತ ಅನುಮಾನದ ಮೇಲೆ ಅಂದ್ಕಂಡಿದ್ದೆ ಕಣವ್ವ. ಇವತ್ತೋ ನಾಳೆಯೋ ಬುಡ್ತಾರೆ ಅಂತ ಬಾಯಿ ಬಿಗಿಹಿಡಿದಿದ್ದೆ. ಗಾಡಿ ವಿಷ್ಯ ಅಂತ ಈಗ ಗೊತ್ತಾಯ್ತು. ಹೆತ್ತವಳಿಗಾಗಿ ಒಳಗೆ ಕೂತವ್ನೆ ಪೆದ್ದ." ಅವರು ಬಸವರಾಜಪ್ಪನ ಕಡೆ ತಿರುಗಿದರು. "ಬರ್ಕೋ."

ಬಸವರಾಜಪ್ಪ ಎದ್ದು ನಿಂತಿದ್ದ. ಅಂಗಳದ ಕಡೆ ಕಣ್ಣು ಹಾಯಿಸಿ, ಬಹಳ ಮೆಲ್ಲಗೆ ಅಂದ:

"ನನಗೇನೂ ಕೇಳಿಸಲಿಲ್ಲ ಅಜ್ಜಿ."

"ಕೇಳಿಸ್ಕೊಳ್ಳೋದೇ ನಿನ್ನ ಕೆಲಸ ಅಲ್ವೇನಪ್ಪ? ಸರ್ಕಾರ ಸಂಬಳ ಕೊಡೋದು ಅದಕ್ಕೇ ತಾನೆ?"

"ಒಳಗೆ ಹೋಗಿ. ನಿಮಗೆ ಕೈಮುಗೀತೀನಿ."

"ಆ ಕಾಗದದಾಗೆ ಏನಿತ್ತು ಅಂತ ನಾನು ಓದ್ಲಿಲ್ಲ. ನಂಗೆ ಓದು ಬರಲ್ಲ. ಕೊಟ್ಟೋರು ಓದಿ ಹೇಳಿದ್ರು. ಕೇಳಿಸ್ಕಂಡೆ, ನಿಜ ಅನ್ನಿಸ್ತು, ಹೂಡ್ದೆ. ಗಂಡು ಹುಡುಗ್ರನ್ನ ಎತ್ತಾಕ್ಕಂಡು ಹೋಗ್ತಿದ್ರಲ್ಲ, ಮುದುಕೀನ ಯಾರು ತಡೀತಾರೆ ಅಂತ. ಕ್ರಾಸಿನಾಗೆ ನಿಮ್ಮ ಪೊಲೀಸ್ನೋನೇ ಬಸ್ಸು ನಿಲ್ಸಿ ನನ್ನ ಗಾಡಿಗೆ ದಾರಿ ಬುಟ್ಟ. ನನ್ನ ಹೆಸರು ಬರ್ಕೋ. ಬ್ಯಾರೆ ಯಾರ ಹೆಸರೂ ಈ ಬಾಯಿಂದ ಬರಲ್ಲ, ಅದನ್ನೂ ಬರ್ಕೋ."

ಗಿರಿಜಾಂಬಿಕಾ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಈ ಕೈಗಳನ್ನು ಬಿಟ್ಟರೆ ಗಂಡ ಬರುತ್ತಾನೆ. ಹಿಡಿದರೆ ಬರುವುದಿಲ್ಲ. ಇಷ್ಟು ಹೊತ್ತು ಅವಳು ಕಟ್ಟಿದ ತರ್ಕವೆಲ್ಲ ಬಂದು ನಿಂತದ್ದು ಈ ಎರಡು ಕೈಗಳ ಮುಂದೆ.

"ಬುಡವ್ವ," ಎಂದರು ಅತ್ತೆ.

"ಬಿಡಲ್ಲ."

"ನೀನು ನಿನ್ನ ಗಂಡನಿಗೋಸ್ಕರ ಇಷ್ಟು ದೂರ ಹೋದೆ. ನಾನು ನನ್ನ ಮಗನಿಗೋಸ್ಕರ ಅಂಗಳ ದಾಟಬಾರದಾ?"

ಆ ಮಾತಿಗೆ ಅವಳ ಬೆರಳು ಒಂದಿಷ್ಟು ಸಡಿಲವಾಯಿತು. ಅಷ್ಟು ಸಾಕಾಯಿತು. ಗುರುಸಿದ್ದಮ್ಮ ಕೈ ಬಿಡಿಸಿಕೊಂಡು ಜಗಲಿ ಇಳಿದರು. ಬಸವರಾಜಪ್ಪ ಅಡ್ಡ ಬರಲು ಒಂದು ಹೆಜ್ಜೆ ಇಟ್ಟ. ಡ್ರೈವರ್ ನೋಡುತ್ತಿರುವುದನ್ನು ಕಂಡು ಇಟ್ಟ ಹೆಜ್ಜೆಯಲ್ಲೇ ನಿಂತ.

ಸಾಹೇಬ ಎದ್ದನೆಂದು ಡ್ರೈವರ್ ಆಗಲೇ ಎಂಜಿನ್ ಚಾಲೂ ಮಾಡಿದ್ದ. ಸಪೂರ ಮೀಸೆಯ, ಇಸ್ತ್ರಿ ಅಂಗಿಯ ಆ ಮನುಷ್ಯ ಮುದುಕಿ ತನ್ನ ಕಡೆಗೇ ಬರುವುದನ್ನು ಕಂಡು ಹುಬ್ಬೇರಿಸಿದ. ಗುರುಸಿದ್ದಮ್ಮ ಗಾಡಿ ಹತ್ತಿ ಅಭ್ಯಾಸವಿದ್ದ ಕಾಲಿನಿಂದ ಜೀಪು ಹತ್ತಿ, ಅವನ ಪಕ್ಕದ ಸೀಟಿನಲ್ಲಿ ಸೆರಗು ಬಿಗಿದು ಕೂತರು.

"ನಿಮ್ಮ ಸಾಹೇಬ್ರಿಗೆ ಕಿವಿ ಮಂದ ಕಣಪ್ಪ," ಎಂದರು. "ನೀನಾದ್ರೂ ಕೇಳಿಸ್ಕೋತೀಯಾ?"

ಡ್ರೈವರ್ ಒಮ್ಮೆ ಜಗಲಿಯ ಮೇಲಿದ್ದ ಬಸವರಾಜಪ್ಪನನ್ನು ನೋಡಿದ. ಆಮೇಲೆ ಕೈ ಚಾಚಿ ಎಂಜಿನ್ ಆರಿಸಿದ.

"ಹೇಳಿ ಅಜ್ಜಿ," ಎಂದ.